ಒಂಬತ್ತು ತಿಂಗಳಿಗೊಮ್ಮೆ ಬೆಳಗುವ ನಕ್ಷತ್ರ

ಇವತ್ತು ಒಂದು ನಕ್ಷತ್ರದ ಕಥೆ, ಅದನ್ನು ಹಿಡಿದವರ ಕಥೆ ಕೂಡ.

ಜನವರಿ ನಡುವೆ, ರಾತ್ರಿ ಒಂಬತ್ತರ ಸುಮಾರಿಗೆ ವಳಕಮದಿನ್ನಿಯಲ್ಲಿ ಮಾಳಿಗೆ ಹತ್ತಿ ದಕ್ಷಿಣಕ್ಕೆ ಮುಖ ಮಾಡಿ ನಿಲ್ಲಿ. ಕೈ ಚಾಚಿ ಮುಷ್ಟಿ ಕಟ್ಟಿ. ದಿಗಂತದಿಂದ ಹೆಚ್ಚುಕಮ್ಮಿ ಒಂದು ಮುಷ್ಟಿ ಮೇಲೆ ಅದು ಇದೆ. ಬರಿಗಣ್ಣಿಗೆ ಕಾಣಲ್ಲ ಬಿಡಿ. ಹೆಸರು ಆರ್ ರೆಟಿಕ್ಯುಲೈ.

ಇದು ದೀರ್ಘಾವಧಿ ಚರ ನಕ್ಷತ್ರ. ಅಂದ್ರೆ ವಯಸ್ಸಾಗಿ ಉಬ್ಬಿದ ಕೆಂಪು ನಕ್ಷತ್ರ. ಹಿಗ್ಗುತ್ತೆ, ಕುಗ್ಗುತ್ತೆ, ಜೊತೆಗೆ ಬೆಳಕೂ ಏರಿಳಿಯುತ್ತೆ. ಒಂದು ಸುತ್ತಿಗೆ ಸುಮಾರು 278 ದಿನ. ಏರಿದಾಗ ಬೈನಾಕ್ಯುಲರ್‌ಗೆ ಸಿಗುತ್ತೆ. ಇಳಿದಾಗ ನೂರಾರು ಪಟ್ಟು ಮಂಕು, ಸಣ್ಣ ದೂರದರ್ಶಕಕ್ಕೂ ಸಿಗಲ್ಲ. ಒಂದು ರಾತ್ರಿ ನೋಡಿದ್ರೆ ಇದ್ಯಾವುದೂ ಗೊತ್ತಾಗೋದೇ ಇಲ್ಲ. ಅದೇ ಜಾಗವನ್ನು ತಿಂಗಳುಗಟ್ಟಲೆ ನೋಡಿ, ಹಳೇ ದಾಖಲೆ ಜೊತೆ ತಾಳೆ ಹಾಕಬೇಕು. ಈಗಿನ ಸರ್ವೆ ದೂರದರ್ಶಕಗಳು ಆಕಾಶದ ಫೋಟೊ ಮತ್ತೆ ಮತ್ತೆ ತೆಗೆದು ಇಂಟರ್‌ನೆಟ್‌ನಲ್ಲಿ ಇಡುತ್ತವೆ. ವಿದ್ಯಾರ್ಥಿಗಳು ಹಳೇ ಫೋಟೊ, ಹೊಸ ಫೋಟೊ ಪಕ್ಕಪಕ್ಕ ಇಟ್ಟು ಇಂಥ ನಕ್ಷತ್ರಗಳನ್ನು ಹುಡುಕಬಹುದು.

1867ರ ಜನವರಿಯಲ್ಲಿ ಆ ಅನುಕೂಲ ಯಾರಿಗಿತ್ತು? ಚಿಂತಾಮಣಿ ರಘುನಾಥಾಚಾರಿ ಮದರಾಸು ವೀಕ್ಷಣಾಲಯದಲ್ಲಿ ನಾರ್ಮನ್ ಪಾಗ್ಸನ್ ಅವರ ಸಹಾಯಕ. ಪಂಚಾಂಗ ಬರೆಯುವ ಮನೆತನದವರು. ದಿನಾ ರಾತ್ರಿ ಒಂದೊಂದೇ ನಕ್ಷತ್ರ ಉತ್ತರ-ದಕ್ಷಿಣ ರೇಖೆ ದಾಟುವ ಕ್ಷಣ ಹಿಡಿಯೋದು, ಅದರ ಸ್ಥಾನ ಬರೆಯೋದು, ಎಷ್ಟು ಹೊಳೆಯುತ್ತೆ ಅಂತ ಬರೆಯೋದು. ಆಕಾಶದ ಗುಮಾಸ್ತಿಕೆ ಅನ್ನಿ. ನನಗೆ ಈ ಕಥೆಯಲ್ಲಿ ಇಷ್ಟ ಆಗೋದು ಇದೇ. ಆ ಬೇಸರದ ಕೆಲಸ ನೆಟ್ಟಗೆ ಮಾಡಿದ್ದಕ್ಕೇ ಆರ್ ರೆಟಿಕ್ಯುಲೈ ಸಿಕ್ಕಿತು. ಒಂದು ನಕ್ಷತ್ರಪುಂಜದಲ್ಲಿ ಮೊದಲು ಸಿಕ್ಕ ಹೆಸರಿಲ್ಲದ ಚರ ನಕ್ಷತ್ರಕ್ಕೆ ‘ಆರ್’ ಅಂತ ಅಕ್ಷರ ಕೊಡೋದು ರೂಢಿ. ಅಂದ್ರೆ ರೆಟಿಕ್ಯುಲಮ್ ಪುಂಜದಲ್ಲಿ ಇದೇ ಮೊದಲನೆಯದು.

ಮರುವರ್ಷ ಅವರು ನಮ್ಮ ಕಡೆಗೇ ಬಂದರು. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣದ ನೆರಳು ಜಮಖಂಡಿ ಮೇಲೆ ಹಾದು, ಲಿಂಗಸುಗೂರು ಸೀಮೆ ದಾಟಿ, ವನಪರ್ತಿ, ಗುಂಟೂರಿನ ಕಡೆ ಹೋಯಿತು. ಜಮಖಂಡಿಯಲ್ಲಿ ಜಾನ್ ಹರ್ಷಲ್, ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್. ವನಪರ್ತಿಯಲ್ಲಿ ನಮ್ಮ ರಘುನಾಥಾಚಾರಿ. ಆಗ ವನಪರ್ತಿಯೂ ನಿಜಾಮ್ ಸೀಮೆ, ರಾಯಚೂರೂ ನಿಜಾಮ್ ಸೀಮೆ. ವಳಕಮದಿನ್ನಿ ಹೊಲದಲ್ಲಿದ್ದವರಿಗೂ ಅವತ್ತು ಹಗಲೇ ಕತ್ತಲಾಗಿರಬೇಕು.

1872ರಲ್ಲಿ ಲಂಡನ್ನಿನ ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿ ಅವರನ್ನು ಫೆಲೋ ಮಾಡಿಕೊಂಡಿತು. ಆದ್ರೆ ಊರಲ್ಲಿ ಅವರ ಜಗಳ ಬೇರೆಯೇ ಇತ್ತು. ಪಂಚಾಂಗದ ಲೆಕ್ಕ ಆಕಾಶಕ್ಕೆ ಹೊಂದದಿದ್ರೆ ಲೆಕ್ಕ ತಿದ್ದಬೇಕು ಅನ್ನೋದು ಅವರ ವಾದ. ಬರೀ ಮಾತಲ್ಲ, ದೃಗ್ಗಣಿತ ಪಂಚಾಂಗವನ್ನೇ ಹೊರತಂದರು. ಪಂಚಾಂಗದ ಮನೆಯವರೇ ಹೀಗಂದ್ರೆ ಹೇಗಿರುತ್ತೆ ಯೋಚಿಸಿ! 1874ರ ಡಿಸೆಂಬರ್ 9ರ ಶುಕ್ರ ಸಂಕ್ರಮಣ ಅಂದ್ರೇನು ಅಂತ ಜನಕ್ಕೆ ತಿಳಿಸೋಕೆ ಪುಸ್ತಿಕೆ ಬರೆದರು. ಅದು ಕನ್ನಡದಲ್ಲೂ ಬಂತು. 1880ರಲ್ಲಿ ತೀರಿಕೊಂಡರು.

ಹಾಗಾದ್ರೆ ವಿದ್ಯಾರ್ಥಿಗಳು? 1940ರ ದಶಕದಲ್ಲಿ, ಅದೇ ನಿಜಾಮ್ ರಾಜ್ಯದ ಹೈದರಾಬಾದಿನಲ್ಲಿ, ವೇಣು ಬಾಪು ಎಂಬ ಕಾಲೇಜು ಹುಡುಗ ಚರ ನಕ್ಷತ್ರಗಳನ್ನು ನೋಡಿ ನೋಡಿ ಲೇಖನವನ್ನೇ ಪ್ರಕಟಿಸಿದರು. 1949ರಲ್ಲಿ ಹಾರ್ವರ್ಡ್ ವಿದ್ಯಾರ್ಥಿಯಾಗಿದ್ದಾಗ, ತೆಗೆದ ಫೋಟೊ ಪ್ಲೇಟಿನಲ್ಲಿ ಒಂದು ಧೂಮಕೇತು ಅವರ ಕಣ್ಣಿಗೆ ಬಿತ್ತು. ಮುಂದೆ ಬೆಂಗಳೂರಿನಲ್ಲಿ ಭಾರತೀಯ ಖಭೌತ ಸಂಸ್ಥೆ ಕಟ್ಟಿದವರು ಇವರೇ. ಆ ಧೂಮಕೇತುವಿಗೆ ಬಾಪು ಹೆಸರಿದೆ. ಆ ನಕ್ಷತ್ರಕ್ಕೆ ‘ಆರ್’ ಅಷ್ಟೇ.