ಫೂಟ್, ರಾಬರ್ಟ್ ಬ್ರೂಸ್
(1834–1912). ಮೈಸೂರು ಸೀಮೆಯ ಹೊನ್ನಿನ ನೆಲವನ್ನು ಹುಡುಕಿ ತಿರುಗಿದ ಬ್ರಿಟಿಷ್ ಭೂವಿಜ್ಞಾನಿ. 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಗೆ ಸೇರಿ ದಕ್ಷಿಣ ಭಾರತದಲ್ಲೇ ಬಹುಪಾಲು ದುಡಿದ. 1863ರಲ್ಲಿ ಮದ್ರಾಸಿನ ಬಳಿಯ ಪಲ್ಲಾವರಂನಲ್ಲಿ ಅವನಿಗೆ ಸಿಕ್ಕ ಕಲ್ಲಿನ ಕೊಡಲಿ ಭಾರತದ ಪ್ರಾಗಿತಿಹಾಸದ ಅಧ್ಯಯನಕ್ಕೆ ನಾಂದಿಯಾಯಿತು.

ಸ್ಪೇನಿನ ಸಾಹಸಿಗಳು ಎಲ್ ಡೊರಾಡೊ ಎಂಬ ಚಿನ್ನದ ನಾಡಿನ ಕಥೆಯನ್ನು ನಂಬಿ ದಕ್ಷಿಣ ಅಮೆರಿಕದ ಕಾಡುಗಳಿಗೆ ದಂಡು ಕಟ್ಟಿಕೊಂಡು ನುಗ್ಗಿದ್ದರು. ಫೂಟ್ ನಂಬಿದ್ದು ಬಂಡೆಗಳನ್ನು. ಕೋಲಾರದಲ್ಲಿ ಗಣಿಗಾರಿಕೆ ಕುದುರಿದ ಮೇಲೆ, 1887ರಲ್ಲಿ, ಮೈಸೂರು ಸಂಸ್ಥಾನದ ಚಿನ್ನದ ಪಟ್ಟಿಗಳನ್ನು ಸುತ್ತಿ ಪರಿಶೀಲಿಸಿದ. ಚಿನ್ನ ಹುದುಗಿರುವ ಪದರಶಿಲೆಗಳ ಸಮೂಹವನ್ನು ಸುತ್ತಲಿನ ಗ್ರಾನೈಟ್, ನೈಸ್ ಶಿಲೆಗಳಿಂದ ಬೇರ್ಪಡಿಸಿ ಅದಕ್ಕೆ 'ಧಾರವಾಡ' ಎಂಬ ಹೆಸರಿಟ್ಟದ್ದು ಅವನ ದೊಡ್ಡ ಸಾಧನೆ. ಯಾವುದೇ ಗಣಿಗಿಂತ ಹೆಚ್ಚು ಬಾಳಿದ ಸಾಧನೆಯೂ ಹೌದು. ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಸೀಮೆಯಲ್ಲಿ ಹಾಯುವ ಚಿತ್ರದುರ್ಗ ಶಿಲಾಪಟ್ಟಿ ಈ ಸಮೂಹಕ್ಕೆ ಸೇರಿದ್ದು. ಇಲ್ಲಿ ಇನ್ನೊಂದು ಕೋಲಾರ ಮಾತ್ರ ಹುಟ್ಟಲಿಲ್ಲ. ಗುಡ್ಡದರಂಗವ್ವನಹಳ್ಳಿಯ ಬಳಿ ಚಿನ್ನದ ನಿಕ್ಷೇಪವಿದೆಯಾದರೂ ಈ ಭಾಗಕ್ಕೆ ಹೆಸರು ತಂದದ್ದು ಇಂಗಳದಾಳಿನ ತಾಮ್ರ, ಹೊಸದುರ್ಗ ಕಡೆಯ ಮ್ಯಾಂಗನೀಸ್ ಮತ್ತು ಕಬ್ಬಿಣದ ಅದಿರು.

1894ರಲ್ಲಿ ಮೈಸೂರು ಸರ್ಕಾರ ಭೂವಿಜ್ಞಾನ ಇಲಾಖೆ ತೆರೆದಾಗ ಫೂಟ್ ಅದರ ಮೊದಲ ನಿರ್ದೇಶಕನಾದ. ಅವನು ಕೂಡಿಟ್ಟ ಶಿಲಾಯುಧ, ಮಡಕೆಚೂರುಗಳ ಸಂಗ್ರಹ 1904ರಲ್ಲಿ ಮದ್ರಾಸ್ ವಸ್ತುಸಂಗ್ರಹಾಲಯದ ಪಾಲಾಯಿತು.