ಸಾಹಸಕಥೆಯ ಲೋಕಾಂತರ: ಹೆಸರು ಬದಲಿಸಿದರೆ ಸಾಲದು

'ಡಂಜನ್ಸ್ ಅಂಡ್ ಡ್ರಾಗನ್ಸ್' ಅಮೆರಿಕದಲ್ಲಿ 1974ರಲ್ಲಿ ಪ್ರಕಟವಾದ ಪಾತ್ರಾಭಿನಯದ ಆಟ. ಆಟಗಾರರು ವೀರರ ಪಾತ್ರ ವಹಿಸುತ್ತಾರೆ. 'ಡಂಜನ್ ಮಾಸ್ಟರ್' ಎಂಬ ನಿರ್ವಾಹಕ ಕಥೆಯನ್ನು ನಡೆಸುತ್ತಾನೆ. ಒಂದು ಕಲ್ಪಿತ ಲೋಕದ ಸಾಹಸವನ್ನು ಮತ್ತೊಂದು ಲೋಕಕ್ಕೆ ಒಗ್ಗಿಸಿಕೊಳ್ಳುವುದು ಈ ಆಟದಲ್ಲಿ ಹಳೆಯ ರೂಢಿ.

ಬ್ರೂಸ್ ಕಾರ್ಡೆಲ್ ರಚಿಸಿದ 'ದಿ ಸನ್‌ಲೆಸ್ ಸಿಟಾಡೆಲ್' (2000) ಸಾಹಸವನ್ನೇ ನೋಡೋಣ. ನೆಲದೊಳಗೆ ಕುಸಿದ ಕೋಟೆ. ಅಲ್ಲಿ ರಕ್ತಪಿಶಾಚಿಯನ್ನು ಕೊಂದ ಗೂಟವೇ ಚಿಗುರಿ ಮರವಾಗಿದೆ. ಅದರ ಬೇಸಿಗೆಯ ಹಣ್ಣು ರೋಗಹರ, ಚಳಿಗಾಲದ ಹಣ್ಣು ಪ್ರಾಣಹರ. ಅವನ್ನು ಸಮೀಪದ ಓಕ್‌ಹರ್ಸ್ಟ್ ಊರಿಗೆ ಮಾರುವವರು ಗಾಬ್ಲಿನ್‌ಗಳೆಂಬ ಕುಳ್ಳರು. ಮೂಲಕಥೆಯಲ್ಲಿ ಅವರು ಶತ್ರುಗಳು.

ಇದೇ ಕಥೆಯನ್ನು ಕೀತ್ ಬೇಕರ್ ಕಲ್ಪಿಸಿದ 'ಎಬೆರಾನ್' (2004) ಲೋಕಕ್ಕೆ ಒಯ್ದರೆ ತೊಡಕು ಎದುರಾಗುತ್ತದೆ. ಅಲ್ಲಿ ಗಾಬ್ಲಿನ್ ಕುಲದವರು ಹಿಂದೆ ಧಕಾನ್ ಸಾಮ್ರಾಜ್ಯವನ್ನು ಆಳಿದವರು. ಈಗಲೂ ಡಾರ್ಗೂನ್ ಎಂಬ ನಾಡು ಅವರದು. ನಗರಗಳಲ್ಲಿಯೂ ಅವರ ವಾಸವಿದೆ. ಕಂಡೊಡನೆ ಕತ್ತಿ ಹಿರಿಯುವುದು ಅಲ್ಲಿ ಸಲ್ಲದು. ಕೋಟೆಯನ್ನು ಅವರ ಪೂರ್ವಜರೇ ಕಟ್ಟಿದ್ದೆಂದು ನಿರ್ವಾಹಕ ನಿಶ್ಚಯಿಸಿದರಂತೂ ಒಳನುಗ್ಗುವ ವೀರರೇ ಅತಿಕ್ರಮಿಗಳಾಗುತ್ತಾರೆ.

ಮರ, ಹಣ್ಣು, ಕೋಟೆಗಳು ಹಾಗೆಯೇ ಉಳಿಯಬಹುದು. ಆದರೆ ಶತ್ರು ಯಾರು ಎಂಬುದನ್ನು ಹೊಸ ಲೋಕದ ಇತಿಹಾಸವನ್ನು ಓದಿಯೇ ನಿರ್ಧರಿಸಬೇಕು.