ಲಾಭ, ಎರಡು, ಮೂರು

ಕೊಳ್ಳೇಗಾಲ ಸೀಮೆಯ ಧನಗೆರೆಯ ಕಣದಲ್ಲಿ ರಾಗಿ ಅಳೆಯುವುದನ್ನು ಹುಡುಗನಾಗಿದ್ದಾಗ ನೋಡಿದ್ದೇನೆ. ತೂರಿ ಹಸನಾದ ರಾಶಿಗೆ ಪೂಜೆ ಮುಗಿದ ಮೇಲೆ ತಾತ ಕುಕ್ಕರುಗಾಲಲ್ಲಿ ಕೂತು, ಕೊಳಗವನ್ನು ರಾಶಿಗೆ ಒತ್ತಿ, ಮುಂಗೈಯಿಂದ ಕಾಳು ಎಳೆದು ತುಂಬುತ್ತಿದ್ದರು. ಮೊದಲ ಕೊಳಗ ಚೀಲಕ್ಕೆ ಬಿದ್ದಾಗ ನಾನು 'ಒಂದು' ಅಂದೆ. "ಒಂದು ಅನ್ಬ್ಯಾಡ ಕನ್ಲಾ ಮಗ, ಲಾಬ ಅನ್ನು" ಅಂದರು. ಲಾಭ, ಎರಡು, ಮೂರು. ವರ್ಷದ ಅನ್ನವನ್ನು ಅಳೆಯುವವನ ಬಾಯಲ್ಲಿ ಬರುವ ಮೊದಲ ಮಾತು ಹರಕೆಯಾಗಿರಬೇಕು, ಅಂಕಿಯಾಗಬಾರದು.

ಎಣಿಕೆಯ ಮಾತು ಎಣಿಸುವ ವಸ್ತುವಿಗೆ ತಕ್ಕಂತೆ ಬದಲಾಗುವುದೂ ಉಂಟು. ಅಸ್ಸಾಮಿನ ಕರ್ಬಿ ಭಾಷೆಯಲ್ಲಿ ಜನರನ್ನು ಎಣಿಸುವಾಗ ಸಂಖ್ಯೆಯ ಜೊತೆ ಒಂದು ಪದ ಬರುತ್ತದೆ, ಪ್ರಾಣಿಗಳಿಗೆ ಬೇರೊಂದು. ನಮಗೆ ಇದು ತೀರ ಹೊಸದಲ್ಲ. ಎತ್ತು ಎರಡು, ಆಳು ಇಬ್ಬರು. 'ಎರಡು ಆಳು' ಅಂದರೆ ಕೂಲಿಯ ಲೆಕ್ಕವಾಗುತ್ತದೆ, ಮನುಷ್ಯರ ಲೆಕ್ಕವಾಗುವುದಿಲ್ಲ. ಹೂವು ಮೊಳ, ಹುಲ್ಲು ಹೊರೆ, ಬಾಳೆಹಣ್ಣು ಚಿಪ್ಪು. ಅಳತೆಯ ಪದ ಕೇಳಿದರೆ ಸಾಕು, ವಸ್ತು ಯಾವುದೆಂದು ಅರ್ಧ ತಿಳಿದಂತೆ.

ಇಂಥ ಅಳತೆಯ ಪದಗಳಲ್ಲಿ ಕೊಳಗದ ಹರವು ದೊಡ್ಡದು. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಅಳೆಯುವ ಪಾತ್ರೆಯೇ ಭೂಮಿಯ ಅಳತೆಯೂ ಆಯಿತು: ಒಂದು ಕೊಳಗ ಬಿತ್ತನೆ ಹಿಡಿಸುವಷ್ಟು ನೆಲ ಒಂದು ಕೊಳಗದ ಹೊಲ. ಎಕರೆ ಎಂದರೆ ನೆಲದ ಉದ್ದಗಲ ಮಾತ್ರ. ಕೊಳಗ ಎಂದಾಗ ಬೀಜವೂ ಬಿತ್ತುವವನೂ ಒಳಗೆ ಬಂದರು. ಶಿವನ ಮುಖವಾಡಕ್ಕೂ ನಮ್ಮ ಸೀಮೆಯಲ್ಲಿ ಕೊಳಗ ಎಂದೇ ಹೆಸರು. ಮೈಸೂರು ಅರಮನೆಯ ತ್ರಿನೇಶ್ವರನಿಗೆ ಶಿವರಾತ್ರಿಯಂದು ತೊಡಿಸುವ, ಜಯಚಾಮರಾಜ ಒಡೆಯರು ಕೊಟ್ಟ ಚಿನ್ನದ ಕೊಳಗದ ತೂಕ 11 ಕಿಲೋ.

1956ರ ನವೆಂಬರಿನಲ್ಲಿ ಕೊಳ್ಳೇಗಾಲ ಮದ್ರಾಸಿನ ಕೊಯಮತ್ತೂರು ಜಿಲ್ಲೆ ಬಿಟ್ಟು ಮೈಸೂರಿಗೆ ಸೇರಿತು. ಮುಂದಿನ ತಿಂಗಳೇ ದೇಶಕ್ಕೆಲ್ಲ ಮೆಟ್ರಿಕ್ ಅಳತೆಯ ಕಾಯ್ದೆ ಬಂತು. ಕಿಲೋ ಬಂದದ್ದು ಒಳ್ಳೆಯದೇ. ಊರಿಗೊಂದು ಸೇರು ಇದ್ದ ಕಾಲದಲ್ಲಿ ರೈತನಿಗೆ ಎಷ್ಟು ಮೋಸವಾಗಿದೆ ಎಂಬುದು ಹಿರಿಯರಿಗೆಲ್ಲ ಗೊತ್ತು. ಆದರೆ ತಕ್ಕಡಿ ಬದಲಾದರೆ ಮಾತೂ ಸಾಯಬೇಕಿಲ್ಲ. ರೇಷ್ಮೆಯವರನ್ನು ನೋಡಿ. "ಈ ಸಲ ಎಷ್ಟು ಮೊಟ್ಟೆ?" ಎಂದರೆ "ನೂರು" ಅನ್ನುತ್ತಾರೆ. ಹುಳು ನೂರೇ ಅಲ್ಲ. ಒಂದು ಚಿಟ್ಟೆ ಇಟ್ಟ ನಾಲ್ಕೈನೂರು ಮೊಟ್ಟೆಗಳ ಕಂತು ಅವರ ಬಾಯಲ್ಲಿ 'ಒಂದು ಮೊಟ್ಟೆ'. ಗೂಡು ಮಾರುಕಟ್ಟೆಯಲ್ಲಿ ಕಿಲೋಗೆ ತೂಗಿದರೂ ಮನೆಯಲ್ಲಿ ಲೆಕ್ಕ ಮೊಟ್ಟೆಯದೇ. ದಿನವೂ ಕೆಲಸಕ್ಕೆ ಬರುವ ಪದ ಹೀಗೆ ಉಳಿಯುತ್ತದೆ.

ಕೊಳಗಕ್ಕೆ ಆ ಕೆಲಸ ಈಗಿಲ್ಲ. ನಿಮ್ಮ ಅಟ್ಟದ ಮೇಲೆ ಒಂದಿದ್ದರೆ ಗುಜರಿಗೆ ಹಾಕಬೇಡಿ. ಇಳಿಸಿ ಒರೆಸಿ, ರಾಗಿ ತುಂಬಿ ತೂಗಿ ನೋಡಿ. ನಿಮ್ಮ ಊರಿನ ಕೊಳಗ ಎಷ್ಟು ಸೇರಿನದು, ಯಾವ ಹೊಲ ಎಷ್ಟು ಕೊಳಗದ್ದು ಎಂದು ಮನೆಯ ಹಿರಿಯರನ್ನು ಕೇಳಿ ಬರೆದಿಡಿ. ಎಣಿಸುವಾಗ ಮಾತ್ರ ಲಾಭದಿಂದ ಶುರು ಮಾಡಿ.